ಲೈಫ್ ಜಾಕೆಟ್ ತೇಲುತ್ತಾ? ಕಯಾಕ್ ನೀರಿಗಿಳಿಸೋ ಮುಂಚೆ ತೊಟ್ಟಿಯಲ್ಲೊಂದು ಪರೀಕ್ಷೆ

ಮನೆಯಲ್ಲಿ ಎತ್ತಿಟ್ಟ ಬೀಜವನ್ನು ಬಿತ್ತೋ ಮುಂಚೆ ಏನು ಮಾಡ್ತೀರಿ? ನೂರು ಕಾಳು ಎಣಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು, ಎಷ್ಟು ಮೊಳಕೆ ಬಂತು ಅಂತ ನೋಡ್ತೀರಿ. ಕಾಳು ಹೊರಗಿಂದ ಎಷ್ಟೇ ಹೊಳೆಯುತ್ತಿರಲಿ, ಒಳಗೆ ಜೀವ ಇದೆಯಾ ಇಲ್ವಾ ಅಂತ ಕಣ್ಣಿಗೆ ಕಾಣಲ್ಲ. ಲೈಫ್ ಜಾಕೆಟ್ ಕಥೆಯೂ ಹಾಗೇ. ಗೂಟಕ್ಕೆ ನೇತು ಹಾಕಿದ್ದಾಗ ಎಲ್ಲ ಜಾಕೆಟ್ಟೂ ಚೆನ್ನಾಗೇ ಕಾಣುತ್ತೆ. ಯಾವುದು ತೇಲಿಸುತ್ತೆ, ಯಾವುದು ಮುಳುಗಿಸುತ್ತೆ ಅಂತ ನೀರೇ ಹೇಳಬೇಕು.

ಕೃಷಿ ಪುಟದಲ್ಲಿ ಲೈಫ್ ಜಾಕೆಟ್ ಯಾಕೆ ಅಂತ ಕೇಳಬಹುದು. ಮಲೆನಾಡು, ಕರಾವಳಿ ಕಡೆ ತೋಟದ ಜೊತೆಗೆ ಹೋಮ್‌ಸ್ಟೇ ಮಾಡಿಕೊಂಡಿರೋ ಯುವಕರು ಈಗ ಬಹಳ ಮಂದಿ. ಶರಾವತಿ ಹಿನ್ನೀರು, ಕಾಳಿ ನದಿ, ಸಾಲಿಗ್ರಾಮದ ಸೀತಾ ನದಿ, ಮೂಲ್ಕಿಯ ಶಾಂಭವಿ, ಹೀಗೆ ನೀರಿರೋ ಕಡೆಯಲ್ಲೆಲ್ಲ ಕಯಾಕ್ ಬಂದಿದೆ. ಬಂದ ಅತಿಥಿಗಳನ್ನು ನೀರಿಗೆ ಕರೆದುಕೊಂಡು ಹೋಗೋರು ನಾವೇ. ಬಲೆ ಬಿಡೋಕೆ, ಆಚೆ ದಡದ ಗದ್ದೆ ನೋಡೋಕೆ ಕಯಾಕೋ ತೆಪ್ಪವೋ ಹತ್ತಿ ಹೋಗೋರೂ ನಮ್ಮ ಮನೆಯವರೇ.

ಒಂಬತ್ತು ಜಾಕೆಟ್, ಮೂರು ಮುಳುಗಿದವು

ಲಿಂಗನಮಕ್ಕಿ ಹಿನ್ನೀರಿನ ಪಕ್ಕ ನನ್ನ ಸ್ನೇಹಿತನೊಬ್ಬ ಅಡಿಕೆ ತೋಟದ ಜೊತೆ ಸಣ್ಣ ಹೋಮ್‌ಸ್ಟೇ ನಡೆಸ್ತಾನೆ. ನಾಲ್ಕು ಕಯಾಕ್, ಒಂಬತ್ತು ಜಾಕೆಟ್. ಕಳೆದ ಮಳೆಗಾಲ ಮುಗಿದ ಮೇಲೆ ಅವನ ಮನೆಗೆ ಹೋಗಿದ್ದಾಗ ಇಬ್ಬರೂ ಸೇರಿ ಅಷ್ಟನ್ನೂ ತೋಟದ ಸಿಮೆಂಟ್ ತೊಟ್ಟಿಯಲ್ಲಿ ಪರೀಕ್ಷೆ ಮಾಡಿದ್ವಿ. ಆರು ಪಾಸಾದವು, ಮೂರು ಮುಳುಗಿದವು.

ಆ ಮೂರರಲ್ಲಿ ಒಂದು ಅವನ ಅಪ್ಪಯ್ಯನದು. ಅತಿಥಿಗಳಿಗೆ ಹೊಸ ಜಾಕೆಟ್ ತಂದಾಗ, ಬಣ್ಣ ಹೋಗಿದ್ದ ಹಳೇದನ್ನು 'ಮನೆ ಬಳಕೆಗೆ ಇರಲಿ' ಅಂತ ಅಪ್ಪಯ್ಯನಿಗೆ ಕೊಟ್ಟಿದ್ದ. ಅಪ್ಪಯ್ಯ ದಿನಾ ಬೆಳಿಗ್ಗೆ ಅದನ್ನೇ ಹಾಕಿಕೊಂಡು ಆಚೆ ದಡಕ್ಕೆ ಒಬ್ಬರೇ ಹೋಗಿ ಬರುತ್ತಿದ್ದರು. ಅದಕ್ಕೆ 3 ಕೆ.ಜಿ. ಕಬ್ಬಿಣ ಕಟ್ಟಿದ್ದೇ ತಡ, ಸೀದಾ ತಳಕ್ಕೆ ಹೋಯ್ತು. ಸ್ನೇಹಿತ ತೊಟ್ಟಿ ಕಟ್ಟೆ ಮೇಲೆ ಸುಮ್ಮನೆ ಕೂತುಬಿಟ್ಟ.

ಇದು ಅವನೊಬ್ಬನ ತಪ್ಪಲ್ಲ. ಒಳ್ಳೇದು ಅತಿಥಿಗೆ, ಹಳೇದು ನಮಗೆ ಅನ್ನೋದು ನಮ್ಮ ಮನೆಗಳ ರೂಢಿ. ಊಟದಲ್ಲಿ ಅದು ಸರಿ. ನೀರಿನಲ್ಲಿ ಸರಿಯಲ್ಲ. ಅತಿಥಿ ವರ್ಷಕ್ಕೊಂದು ಸಲ ನೀರಿಗೆ ಇಳೀತಾನೆ, ಅಪ್ಪಯ್ಯ ದಿನಾ ಇಳೀತಾರೆ.

ಜಾಕೆಟ್ ಹೇಗೆ ತೇಲಿಸುತ್ತೆ, ಹೇಗೆ ಸಾಯುತ್ತೆ

ನಾವೆಲ್ಲ ಲೈಫ್ ಜಾಕೆಟ್ ಅಂತಲೇ ಕರೀತೀವಿ. ಆದರೆ ಕಯಾಕ್‌ನಲ್ಲಿ ಹಾಕೋದು ಹೆಚ್ಚಾಗಿ ಬಾಯನ್ಸಿ ಏಡ್, ಅಂದರೆ ತೇಲೋಕೆ ನೆರವಾಗೋ ಜಾಕೆಟ್. ಇದರೊಳಗೆ ಇರೋದು ಫೋಮ್. ಆ ಫೋಮ್‌ನಲ್ಲಿ ಲಕ್ಷಾಂತರ ಸಣ್ಣ ಗೂಡುಗಳು, ಪ್ರತಿ ಗೂಡಿನಲ್ಲೂ ಗಾಳಿ. ಗೂಡುಗಳ ಬಾಯಿ ಮುಚ್ಚಿರೋದರಿಂದ ನೀರು ಒಳಗೆ ನುಗ್ಗಲ್ಲ. ಪಾತ್ರೆ ತಿಕ್ಕೋ ಸ್ಪಂಜಿನ ಗೂಡು ತೆರೆದಿರುತ್ತೆ, ಅದಕ್ಕೇ ಅದು ನೀರು ಹೀರುತ್ತೆ.

ನಮ್ಮ ದೇಹ ನೀರಿನಲ್ಲಿ ಹೆಚ್ಚುಕಡಿಮೆ ತೇಲೋ ಸ್ಥಿತಿಯಲ್ಲೇ ಇರುತ್ತೆ. ಹಾಗಾಗಿ ದೊಡ್ಡವರ ತಲೆ ನೀರಿನ ಮೇಲೆ ನಿಲ್ಲೋಕೆ ಸುಮಾರು 3ರಿಂದ 5 ಕೆ.ಜಿ.ಯಷ್ಟು ಎತ್ತೋ ಬಲ ಹೆಚ್ಚಿಗೆ ಸಿಕ್ಕರೆ ಸಾಕು. ಈ ಬಲವನ್ನು ಜಾಕೆಟ್ ಲೇಬಲ್‌ನಲ್ಲಿ ನ್ಯೂಟನ್ ಲೆಕ್ಕದಲ್ಲಿ ಬರೆದಿರ್ತಾರೆ. ಸುಮಾರು 10 ನ್ಯೂಟನ್ ಅಂದರೆ 1 ಕೆ.ಜಿ. ಎತ್ತೋ ಬಲ. 50 ನ್ಯೂಟನ್ ಅಂದರೆ 5 ಕೆ.ಜಿ.

ಬೇಕಾಗಿರೋದೇ ಇಷ್ಟು ಕಡಿಮೆ ಇರುವಾಗ, ಇದರಲ್ಲಿ ಅರ್ಧ ಹೋದರೆ ಉಳಿಯೋದೇನು? ಜಾಕೆಟ್ ಮೇಲೆ ಕೂತಾಗ, ಮಂಡಿ ಊರಿದಾಗ, ಮೂಟೆ ಹೇರಿದಾಗ ಗಾಳಿ ಗೂಡುಗಳು ಒಡೆಯುತ್ತವೆ. ಒಡೆದ ಗೂಡು ಮತ್ತೆ ತುಂಬಲ್ಲ. ತಗಡಿನ ಶೆಡ್ಡಿನ ಬಿಸಿಗೆ ಫೋಮ್ ಕುಗ್ಗುತ್ತೆ. ಬಿಸಿಲಿಗೆ ಹೊರಬಟ್ಟೆ, ಪಟ್ಟಿ, ಹೊಲಿಗೆ ದಾರ ಎಲ್ಲವೂ ಲಡ್ಡಾಗುತ್ತವೆ. ಇದೆಲ್ಲ ನಿಧಾನಕ್ಕೆ ಆಗೋದರಿಂದ ದಿನಾ ನೋಡೋರ ಗಮನಕ್ಕೆ ಬರೋದೇ ಇಲ್ಲ.

ಮೊದಲು ಕೈಯಲ್ಲಿ ಹಿಡಿದು ನೋಡಿ

ಒಂದು ಜಾಕೆಟ್‌ಗೆ ಐದು ನಿಮಿಷ ಸಾಕು.

1. ಬಣ್ಣ: ಕೇಸರಿ ಬಣ್ಣ ಬಿಳಿಚಿಕೊಂಡಿದ್ದರೆ ಬಿಸಿಲು ತಿಂದಿದೆ ಅಂತ ಅರ್ಥ. ಹೊಲಿಗೆಯ ಎರಡೂ ಬದಿ ಹಿಡಿದು ಜೋರಾಗಿ ಎಳೆಯಿರಿ. ದಾರ ಕಿತ್ತು ಬಂದರೆ, ಬಟ್ಟೆ ಹರಿದರೆ ಆ ಜಾಕೆಟ್ ಮುಗೀತು.

2. ಪಟ್ಟಿ ಮತ್ತು ಬಕಲ್: ಪ್ರತಿ ಬಕಲ್ ಹಾಕಿ 'ಟಕ್' ಅನ್ನುತ್ತಾ ಕೇಳಿ, ಹಾಕಿದ್ದನ್ನು ಎಳೆದು ನೋಡಿ. ಬಿರುಕು ಬಿಟ್ಟ ಬಕಲ್ ನಂಬಬೇಡಿ. ಬಿಗಿ ಮಾಡಿದ ಪಟ್ಟಿ ತಾನಾಗೇ ಸಡಿಲ ಆಗಬಾರದು.

3. ಜಿಪ್: ಉಪ್ಪು ನೀರಿನಲ್ಲಿ ಬಳಸಿದ್ದರೆ ಜಿಪ್ ಹಿಡಿದುಕೊಂಡಿರುತ್ತೆ. ಸಿಹಿ ನೀರಲ್ಲಿ ತೊಳೆದು ಎಳೆದಾಡಿಸಿ. ಸರಾಗವಾಗಿ ಓಡಬೇಕು.

4. ಫೋಮ್: ಎರಡು ಬೆರಳ ನಡುವೆ ಒತ್ತಿ ಬಿಡಿ. ತಕ್ಷಣ ಉಬ್ಬಿ ಮೊದಲಿನಂತಾದರೆ ಸರಿ. ಒತ್ತಿದ ಗುಂಡಿ ಹಾಗೇ ಉಳಿದರೆ, ಗಟ್ಟಿ ಹಲಗೆ ಥರ ಇದ್ದರೆ, ಒಳಗೆ ಪುಡಿ ಪುಡಿ ಸಿಕ್ಕಿದರೆ ಅನುಮಾನ ಪಡಿ.

5. ತೂಕ: ಚೆನ್ನಾಗಿ ಒಣಗಿದ ಮೇಲೂ ಜಾಕೆಟ್ ಭಾರ ಅನ್ನಿಸಿದರೆ ಫೋಮ್ ಒಳಗೆ ನೀರು ಕೂತಿದೆ.

6. ಇಲಿ ಕಡಿತ: ಇದನ್ನು ಪಟ್ಟಣದವರು ಬರೆಯಲ್ಲ, ನಮ್ಮ ಮನೆಗಳಲ್ಲಿ ಮಾತ್ರ ಇದೇ ಮುಖ್ಯ. ಕೆಳಗಿನ ಅಂಚು ಮತ್ತು ಕಂಕುಳ ಭಾಗ ತಿರುವಿ ನೋಡಿ.

ಈಗ ತೊಟ್ಟಿ ಪರೀಕ್ಷೆ

ಇದು ನಮ್ಮ ಮೊಳಕೆ ಪರೀಕ್ಷೆ ಇದ್ದಂತೆ. ಬೇಕಾಗೋದು ಎದೆಮಟ್ಟ ಆಳದ ತೊಟ್ಟಿ ಅಥವಾ ದೊಡ್ಡ ಡ್ರಮ್, ಸಣ್ಣ ಹಗ್ಗ, ತಕ್ಕಡಿಯ ಕಬ್ಬಿಣದ ತೂಕದ ಬಟ್ಟುಗಳು. ಪರೀಕ್ಷೆಯನ್ನು ಕೃಷಿ ಹೊಂಡದಲ್ಲಿ ಮಾತ್ರ ಮಾಡಬೇಡಿ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಮೇಲೆ ಕಾಲು ಜಾರಿದರೆ ಈಜು ಬಲ್ಲವರಿಗೂ ಮೇಲೆ ಹತ್ತೋದು ಕಷ್ಟ.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡ್ತಾರೆ. ಬಟ್ಟು ಇಲ್ಲ ಅಂತ ಕಲ್ಲು ಕಟ್ಟುತ್ತಾರೆ, ಇಲ್ಲವೇ 5 ಲೀಟರ್ ನೀರಿನ ಕ್ಯಾನ್ ಕಟ್ಟುತ್ತಾರೆ. ನೀರಿಗೆ ಹಾಕಿದ ಯಾವ ವಸ್ತುವಾದರೂ ತನ್ನ ಗಾತ್ರದಷ್ಟು ನೀರಿನ ತೂಕವನ್ನು ಕಳೆದುಕೊಳ್ಳುತ್ತೆ. ಬಾವಿಯಿಂದ ಕೊಡ ಸೇದುವಾಗ ನೀರೊಳಗಿದ್ದಷ್ಟು ಹೊತ್ತು ಹಗುರ, ಮೇಲೆ ಬಂದ ಕೂಡಲೇ ಭಾರ ಆಗೋದು ಇದಕ್ಕೇ. ಲೆಕ್ಕ ಹೀಗಿದೆ:

- 6 ಕೆ.ಜಿ. ಕಬ್ಬಿಣ ನೀರಿನಲ್ಲಿ ಸುಮಾರು 5.2 ಕೆ.ಜಿ. ತೂಗುತ್ತೆ.
- 6 ಕೆ.ಜಿ. ಗ್ರಾನೈಟ್ ಕಲ್ಲು ನೀರಿನಲ್ಲಿ ಸುಮಾರು 3.8 ಕೆ.ಜಿ. ಮಾತ್ರ.
- ನೀರು ತುಂಬಿದ ಕ್ಯಾನ್ ನೀರಿನಲ್ಲಿ ಹೆಚ್ಚುಕಡಿಮೆ ಸೊನ್ನೆ.

ಅಂದರೆ ಕಲ್ಲು ಕಟ್ಟಿ 'ಪಾಸು' ಅಂದುಕೊಂಡ ಜಾಕೆಟ್ ನಿಜವಾಗಿ ಫೇಲಾಗಿರಬಹುದು. ಕ್ಯಾನ್ ಕಟ್ಟಿದರಂತೂ ಎಂಥ ಕೆಟ್ಟ ಜಾಕೆಟ್ಟೂ ಪಾಸಾಗುತ್ತೆ. ಅದಕ್ಕೆ ಕಬ್ಬಿಣವೇ ಬೇಕು.

ಮಾಡೋ ವಿಧಾನ:

1. ಜೇಬಿನಲ್ಲಿರೋದೆಲ್ಲ ತೆಗೆದು, ಜಿಪ್ ಮತ್ತು ಬಕಲ್ ಹಾಕಿ.

2. ಜಾಕೆಟ್ಟನ್ನು ನೀರೊಳಗೆ ಅದುಮಿ, ಬಟ್ಟೆಯ ನಡುವೆ ಸಿಕ್ಕಿಕೊಂಡ ಗಾಳಿ ಗುಳ್ಳೆ ಪೂರ್ತಿ ಹೋಗೋ ತನಕ ಹಿಂಡಿ. ಒಂದು ರಾತ್ರಿ ನೆನೆಯೋಕೆ ಬಿಟ್ಟರೆ ಉತ್ತಮ. ನೀರು ಹೀರೋ ಫೋಮ್ ಇದ್ದರೆ ಆಗಲೇ ಗೊತ್ತಾಗೋದು.

3. ಲೇಬಲ್‌ನಲ್ಲಿರೋ ನ್ಯೂಟನ್ ಅಂಕಿ ನೋಡಿ. ಅದನ್ನು 8.5ರಿಂದ ಭಾಗಿಸಿದರೆ ಎಷ್ಟು ಕೆ.ಜಿ. ಕಬ್ಬಿಣ ಬೇಕು ಅಂತ ಸಿಗುತ್ತೆ. 40 ನ್ಯೂಟನ್‌ಗೆ ಸುಮಾರು 5 ಕೆ.ಜಿ., 50ಕ್ಕೆ 6 ಕೆ.ಜಿ., 70ಕ್ಕೆ 8 ಕೆ.ಜಿ.ಗಿಂತ ಚೂರು ಹೆಚ್ಚು, 100ಕ್ಕೆ 12 ಕೆ.ಜಿ.

4. ಬಟ್ಟುಗಳನ್ನು ಗಿಡ್ಡ ಹಗ್ಗದಲ್ಲಿ ಜಾಕೆಟ್‌ನ ಕೆಳಗಿನ ಪಟ್ಟಿಗೆ ಕಟ್ಟಿ ನಿಧಾನಕ್ಕೆ ಬಿಡಿ. ಬಟ್ಟು ತೊಟ್ಟಿಯ ತಳಕ್ಕೆ ತಾಗದೆ ತೂಗಾಡುತ್ತಿರಬೇಕು. ತಳಕ್ಕೆ ತಾಗಿದರೆ ಪರೀಕ್ಷೆ ಲೆಕ್ಕಕ್ಕಿಲ್ಲ.

5. ಹತ್ತು ನಿಮಿಷ ಕಾಯಿರಿ. ಜಾಕೆಟ್‌ನ ಸ್ವಲ್ಪ ಭಾಗವಾದರೂ ನೀರಿನ ಮೇಲೆ ಕಾಣ್ತಾ ಇದ್ದರೆ ಪಾಸು. ಪೂರ್ತಿ ಮುಳುಗಿದರೆ ಫೇಲು.

ಹೊಸ ಜಾಕೆಟ್ ತಂದ ದಿನವೇ ಒಂದು ಸಲ ಈ ಪರೀಕ್ಷೆ ಮಾಡಿ, ಎಷ್ಟು ಕೆ.ಜಿ. ತನಕ ತೇಲಿತು ಅಂತ ಬರೆದಿಡಿ. ಮುಂದಿನ ವರ್ಷ ಹೋಲಿಸೋಕೆ ಆಗುತ್ತೆ. ಇದು ಪ್ರಯೋಗಾಲಯದ ಪರೀಕ್ಷೆ ಅಲ್ಲ ನಿಜ. ಆದರೆ ಇಲ್ಲೇ ಮುಳುಗಿದ ಜಾಕೆಟ್ ಹೊಳೆಯಲ್ಲಿ ತೇಲುತ್ತೆ ಅಂತ ಯಾರೂ ಹೇಳೋಕಾಗಲ್ಲ.

ಹಾಕಿಕೊಂಡು ನೋಡಿ

ತೇಲೋ ಜಾಕೆಟ್ಟೇ ಆದರೂ ಅಳತೆ ಸರಿ ಇಲ್ಲದಿದ್ದರೆ ಪ್ರಯೋಜನ ಇಲ್ಲ. ನೀರಿಗೆ ಬಿದ್ದಾಗ ಜಾಕೆಟ್ ಮೇಲೇರಿ ಮುಖಕ್ಕೆ ಬರುತ್ತೆ, ಮನುಷ್ಯ ಕೆಳಗೆ ಜಾರ್ತಾನೆ.

ಎಲ್ಲ ಪಟ್ಟಿ ಸಡಿಲ ಮಾಡಿ ಹಾಕಿಕೊಳ್ಳಿ. ಮೊದಲು ಸೊಂಟದ ಪಟ್ಟಿ, ಆಮೇಲೆ ಪಕ್ಕದ ಪಟ್ಟಿ, ಕೊನೆಗೆ ಭುಜದ ಪಟ್ಟಿ ಬಿಗಿ ಮಾಡಿ. ಉಸಿರಾಟಕ್ಕೆ ತೊಂದರೆ ಆಗಬಾರದು, ಹಾಗಂತ ಸಡಿಲವೂ ಇರಬಾರದು. ಈಗ ಇನ್ನೊಬ್ಬರು ಹಿಂದೆ ನಿಂತು ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಲಿ. ಜಾಕೆಟ್ ಗಲ್ಲದ ಮೇಲೆ, ಕಿವಿ ತನಕ ಬಂದರೆ ಪಟ್ಟಿ ಇನ್ನೂ ಬಿಗಿ ಮಾಡಬೇಕು, ಇಲ್ಲವೇ ಸೈಜು ದೊಡ್ಡದಾಯ್ತು. ಆಮೇಲೆ ನೆಲದ ಮೇಲಿಟ್ಟ ಕಯಾಕ್‌ನಲ್ಲಿ ಕೂತು ಹುಟ್ಟು ಹಾಕಿದಂತೆ ಕೈ ಆಡಿಸಿ. ಕಂಕುಳಿಗೆ ಉಜ್ಜಿದರೆ, ಕೂತಾಗ ಕೆಳಗಿನ ಅಂಚು ತೊಡೆಗೆ ತಾಗಿ ಜಾಕೆಟ್ ಮೇಲೇಳುತ್ತಿದ್ದರೆ ಅದು ಕಯಾಕ್‌ಗೆ ಹೊಂದೋ ಜಾಕೆಟ್ ಅಲ್ಲ. ಅಂಥದ್ದನ್ನು ಹಾಕಿಕೊಂಡವರು ಅರ್ಧ ಗಂಟೆಯಲ್ಲಿ ಬಿಚ್ಚಿ ಪಕ್ಕಕ್ಕಿಡ್ತಾರೆ. ಪಕ್ಕಕ್ಕಿಟ್ಟ ಜಾಕೆಟ್ ಯಾರನ್ನೂ ಉಳಿಸಲ್ಲ.

ಕೊನೆಗೆ ದಡದ ಹತ್ತಿರ, ಎದೆಮಟ್ಟ ನಿಂತ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಕಾಲು ಮೇಲೆತ್ತಿ. ಕೈಕಾಲು ಬಡಿಯದೆ ಗಲ್ಲ ನೀರಿನ ಮೇಲಿದ್ದರೆ ಜಾಕೆಟ್ ನಿಮಗೆ ಸರಿ.

ರೈನ್‌ಕೋಟ್ ಹಾಕೋದಿದ್ದರೆ ಅದು ಒಳಗೆ, ಜಾಕೆಟ್ ಹೊರಗೆ. ಲುಂಗಿ, ಪಂಚೆ ಕಾಲಿಗೆ ಸುತ್ತಿಕೊಳ್ಳುತ್ತೆ, ಚಡ್ಡಿ ಹಾಕಿ. ಗಂಬೂಟು ಹಾಕಿಕೊಂಡು ಕಯಾಕ್ ಹತ್ತಲೇಬೇಡಿ, ಒಳಗೆ ನೀರು ತುಂಬಿದರೆ ಕಾಲು ಆಡಿಸೋಕೇ ಆಗಲ್ಲ.

ಹೊಸದು ಕೊಳ್ಳುವಾಗ

ಲೇಬಲ್ ಇಲ್ಲದ ಜಾಕೆಟ್ ಕೊಳ್ಳಬೇಡಿ. ಗೊಬ್ಬರದ ಚೀಲದ ಮೇಲೆ ಎನ್‌ಪಿಕೆ ನೋಡೋ ಹಾಗೆ ಇಲ್ಲಿ ಮೂರು ವಿಷಯ ನೋಡಿ: ಐಎಸ್‌ಒ 12402 ಅನ್ನೋ ಗುರುತು, ನ್ಯೂಟನ್ ಎಷ್ಟು, ಎಷ್ಟು ಕೆ.ಜಿ. ದೇಹತೂಕದವರಿಗೆ. ಯಾರಿಗೆ ಯಾವುದು ಅಂತ ಸರಳವಾಗಿ ಹೇಳೋದಾದರೆ:

- 50 ನ್ಯೂಟನ್: ಈಜು ಬರೋರಿಗೆ, ಸಹಾಯ ಹತ್ತಿರದಲ್ಲೇ ಇರೋ ಕಡೆ. ಕಯಾಕ್‌ನಲ್ಲಿ ಕೈ ಆಡಿಸೋಕೆ ಇದೇ ಹಗುರ. ಆದರೆ ಪ್ರಜ್ಞೆ ತಪ್ಪಿ ಬೋರಲಾಗಿ ಬಿದ್ದವರನ್ನು ಇದು ಮುಖ ಮೇಲಾಗೋ ಹಾಗೆ ತಿರುಗಿಸಲ್ಲ. 50 ಅನ್ನೋದು 70 ಕೆ.ಜಿ. ಮೀರಿದವರ ಲೆಕ್ಕ. ಸಣ್ಣ ಸೈಜಿನಲ್ಲಿ ಅಂಕಿ ಇನ್ನೂ ಕಡಿಮೆ ಇರುತ್ತೆ, ಅದಕ್ಕೆ ದೇಹತೂಕ ನೋಡದೆ ಕೊಡಬೇಡಿ.

- 100 ನ್ಯೂಟನ್: ಈಜು ಬರದ ಅತಿಥಿಗಳಿಗೆ, ಮಕ್ಕಳಿಗೆ, ನಿಂತ ನೀರಿನಲ್ಲಿ. ಕುತ್ತಿಗೆ ಹಿಂದೆ ಕಾಲರ್ ಇರುತ್ತೆ. ಸ್ವಲ್ಪ ದಪ್ಪ, ಆದರೂ ಹೋಮ್‌ಸ್ಟೇಗೆ ಇವು ಹೆಚ್ಚು ಇರಲಿ. ಬರೋರಲ್ಲಿ ಈಜು ಬರದವರೇ ಜಾಸ್ತಿ.

- 150 ನ್ಯೂಟನ್: ಸಮುದ್ರಕ್ಕೆ, ಅಬ್ಬರದ ನೀರಿಗೆ, ದೋಣಿಯವರಿಗೆ. ಇದರಲ್ಲಿ ಗಾಳಿ ತುಂಬಿಕೊಳ್ಳೋ ಜಾಕೆಟ್ಟೂ ಬರುತ್ತೆ. ಅದಕ್ಕೆ ಗ್ಯಾಸ್ ಸಿಲಿಂಡರ್ ಇರುತ್ತೆ, ಆಗಾಗ ಪರೀಕ್ಷಿಸಬೇಕು. ಮುಳ್ಳು, ಗಾಳದ ಕೊಕ್ಕೆ ಚುಚ್ಚಿದರೆ ಕೆಲಸ ಮುಗೀತು. ನಮ್ಮ ಒರಟು ಬಳಕೆಗೆ ಫೋಮ್ ಜಾಕೆಟ್ಟೇ ವಾಸಿ.

ಮಕ್ಕಳಿಗೆ 'ಬೆಳೀತಾನೆ, ದೊಡ್ಡದೇ ಇರಲಿ' ಅನ್ನೋ ಲೆಕ್ಕ ಶಾಲೆಯ ಯೂನಿಫಾರ್ಮಿಗೆ ಸರಿ, ಜಾಕೆಟ್‌ಗೆ ಬೇಡ. ಕಾಲ ಸಂದಿನಲ್ಲಿ ಹಾಯುವ ಪಟ್ಟಿ ಇರೋದನ್ನೇ ತನ್ನಿ, ಜಾಕೆಟ್ ತಲೆಯಿಂದ ಕಳಚಿ ಹೋಗಲ್ಲ. ಬಣ್ಣ ಕೇಸರಿ, ಹಳದಿ ಅಥವಾ ಕೆಂಪು ಇರಲಿ. ಹಸಿರು, ನೀಲಿ ಬಣ್ಣ ಹೊಳೆಯಲ್ಲಿ ಕಣ್ಣಿಗೆ ಬೀಳಲ್ಲ. ಒಂದು ಸೀಟಿ ದಾರ ಕಟ್ಟಿ ಇರಲಿ.

ಥರ್ಮಾಕೋಲ್ ಹಲಗೆ, ಖಾಲಿ ಕ್ಯಾನ್, ಟ್ಯೂಬು ಕಟ್ಟಿಕೊಂಡು ಮಾಡಿದ ಮನೆ ಜಾಕೆಟ್ ಬೇಡ. ಥರ್ಮಾಕೋಲ್ ಮುರಿಯುತ್ತೆ, ಪೆಟ್ರೋಲ್ ತಾಗಿದರೆ ಕರಗುತ್ತೆ. ಕ್ಯಾನ್ ಜಾರಿ ಹಿಂದಕ್ಕೆ ಹೋದರೆ ಮನುಷ್ಯನನ್ನು ಬೋರಲು ಹಾಕುತ್ತೆ.

ಕಾಪಾಡೋದು ಹೇಗೆ

- ಬಳಸಿದ ಮೇಲೆ ಸಿಹಿ ನೀರಲ್ಲಿ ತೊಳೆಯಿರಿ. ಹಿನ್ನೀರಿನ ಕೆಸರು, ಸಮುದ್ರದ ಉಪ್ಪು ಎರಡೂ ಹೋಗಬೇಕು. ಬ್ಲೀಚಿಂಗ್ ಪುಡಿ, ಸೋಪಿನ ಪುಡಿ, ವಾಷಿಂಗ್ ಮೆಷಿನ್ ಬೇಡ.
- ನೆರಳಲ್ಲಿ, ಗಾಳಿಯಾಡೋ ಕಡೆ ನೇತು ಹಾಕಿ ಒಣಗಿಸಿ. ಬಿಸಿಲಿಗೆ ಹರಡಬೇಡಿ, ಒಲೆ ಮೇಲಿನ ಅಟ್ಟಕ್ಕೆ ಹಾಕಬೇಡಿ.
- ಪೂರ್ತಿ ಒಣಗಿದ ಮೇಲೆ ಎತ್ತಿಡಿ. ಒದ್ದೆ ಇಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ.
- ಯೂರಿಯಾ, ಔಷಧಿ, ಡೀಸೆಲ್ ಇರೋ ಗೋಡೌನಿನಲ್ಲಿ ಇಡಬೇಡಿ. ತಗಡಿನ ಶೆಡ್ಡು, ನಿಲ್ಲಿಸಿದ ಪಿಕಪ್ ಗಾಡಿಯೂ ಬೇಡ.
- ದಪ್ಪ ಹ್ಯಾಂಗರಿಗೆ ನೇತು ಹಾಕಿ. ಒಂದರ ಮೇಲೊಂದು ಪೇರಿಸಿ ಮೇಲೆ ಅಡಿಕೆ ಮೂಟೆ ಇಡಬೇಡಿ.
- ಜಾಕೆಟ್ ಮೇಲೆ ಕೂರಬಾರದು ಅಂತ ಅತಿಥಿಗಳಿಗೆ ಮೊದಲೇ ಹೇಳಿ. ದಡದಲ್ಲಿ ಫೋಟೋ ತೆಗೆಯುವಾಗ ಎಲ್ಲರೂ ಮಾಡೋ ಕೆಲಸ ಅದೇ.

ಕೈಯಲ್ಲಿ ಫೋನ್ ಇದೆಯಲ್ಲ, ಅದನ್ನೂ ಬಳಸಿ. ಪ್ರತಿ ಜಾಕೆಟ್‌ನ ಲೇಬಲ್ ಮೇಲೆ ಒಂದು ಸಂಖ್ಯೆ ಬರೆಯಿರಿ. ಲೇಬಲ್ ಅಳಿಸಿ ಹೋಗೋ ಮುಂಚೆ ಫೋಟೋ ತೆಗೆದಿಡಿ. ತೊಟ್ಟಿ ಪರೀಕ್ಷೆಯ ಫೋಟೋ, ತಾರೀಕು, ಕೆ.ಜಿ. ಒಂದೇ ಕಡೆ ಸೇರಿಸಿ. ಮಳೆಗಾಲ ಮುಗಿದು ಕಯಾಕ್ ಇಳಿಸೋ ಮುಂಚೆ ಒಂದು ಸಲ, ಬೇಸಿಗೆ ಮುಗಿದು ಎತ್ತಿಡುವಾಗ ಒಂದು ಸಲ ನೆನಪು ಮಾಡೋ ಹಾಗೆ ಅಲಾರಂ ಇಡಿ.

ಫೇಲಾದದ್ದನ್ನು ಏನು ಮಾಡೋದು?

ಕತ್ತರಿಸಿ ಹಾಕಿ. ಪಟ್ಟಿ ಕತ್ತರಿಸಿ, ಫೋಮ್ ತುಂಡು ಮಾಡಿ. 'ಪಾಪ, ಇರಲಿ' ಅಂತ ಶೆಡ್ಡಿನಲ್ಲಿಟ್ಟರೆ ನಾಳೆ ಯಾರೋ ಒಬ್ಬರು, ಬಲೆ ಬಿಡೋ ಹುಡುಗನೋ, ಕೆಲಸಕ್ಕೆ ಬಂದವರೋ, ಮನೆ ಮಗುವೋ, ಅದನ್ನು ನಂಬಿ ಹಾಕಿಕೊಂಡು ನೀರಿಗೆ ಹೋಗ್ತಾರೆ. ಜಾಕೆಟ್ಟೇ ಇಲ್ಲದಿದ್ದರೆ ಮನುಷ್ಯ ಹೆದರಿ ದಡದ ಹತ್ತಿರ ಇರ್ತಾನೆ. ಕೆಟ್ಟ ಜಾಕೆಟ್ ಹಾಕಿಕೊಂಡವನು ಧೈರ್ಯವಾಗಿ ನಡು ಹೊಳೆಗೆ ಹೋಗ್ತಾನೆ.

ಇನ್ನೊಂದು ಮಾತು. ಯಾರಾದರೂ ನೀರಿಗೆ ಬಿದ್ದರೆ ಗಾಬರಿಯಲ್ಲಿ ನೀವೂ ಹಾರಬೇಡಿ. ಹಗ್ಗ, ಉದ್ದನೆ ಗಳ, ತೇಲೋ ಜಾಕೆಟ್ ಎಸೆಯಿರಿ. ಕೃಷಿ ಹೊಂಡದ ಬೇಲಿಗೂ ಒಂದು ಒಳ್ಳೆ ಜಾಕೆಟ್, ಒಂದು ಉದ್ದ ಹಗ್ಗ ನೆರಳಿರೋ ಕಡೆ ನೇತು ಹಾಕಿಟ್ಟಿರಿ.

ಆ ದಿನ ಸ್ನೇಹಿತ ಮೂರೂ ಜಾಕೆಟ್ಟನ್ನು ಕತ್ತಿಯಲ್ಲಿ ಕೊಚ್ಚಿ ಹಾಕಿದ. ಮಾರನೇ ವಾರ ಪೇಟೆಯಿಂದ 100 ನ್ಯೂಟನ್ ಜಾಕೆಟ್ ತಂದು ಮೊದಲು ಅಪ್ಪಯ್ಯನಿಗೇ ಕೊಟ್ಟ. 'ನಂಗೆ ಈಜು ಬರ್ತದಲ್ಲ ಮಾರಾಯ, ಅದೆಂತಕೆ ಇಷ್ಟು ದುಡ್ಡು ಹಾಕಿದೆ' ಅಂತ ಅಪ್ಪಯ್ಯ ಗೊಣಗಿದರು. ಆದರೂ ಅದನ್ನು ತೊಟ್ಟಿಗೆ ತಗೊಂಡು ಹೋಗಿ, ಬಟ್ಟು ಕಟ್ಟಿ, ತೇಲುತ್ತಾ ಅಂತ ತಾವೇ ನೋಡಿದರು. ತೇಲಿತು. ಈಗ ಬೆಳಿಗ್ಗೆ ಹೊಳೆಗೆ ಹೊರಡೋ ಮುಂಚೆ ಬಕಲ್ 'ಟಕ್' ಅನ್ನೋ ಸದ್ದು ಅಡುಗೆಮನೆ ತನಕ ಕೇಳುತ್ತಂತೆ.

ಈ ವಾರ ನಿಮ್ಮ ಮನೆಯ ಜಾಕೆಟ್‌ಗಳನ್ನೂ ತೊಟ್ಟಿಗೆ ಇಳಿಸಿ. ಶುರು ಮಾಡೋದು ಮಾತ್ರ ಎಲ್ಲಕ್ಕಿಂತ ಹಳೇದರಿಂದ. ಅದನ್ನು ದಿನಾ ಯಾರು ಹಾಕಿಕೊಳ್ತಾರೆ ಅಂತಲೂ ಒಮ್ಮೆ ನೋಡಿ.